ಸದ್ದು ಹೋಗಿ ಕೂರುವ ಜಾಗ

ಕಾಕಾ ಅವರ ಕುತ್ತಿಗೆ ಎಡಕ್ಕೆ ವಾಲಿರುತ್ತಿತ್ತು. ಎಡಗಿವಿ ಇನ್ನೇನು ಹೆಗಲಿಗೆ ತಾಗಬೇಕು, ಅಷ್ಟು. ಹೆಗಲ ಮೇಲೆ ಯಾರೋ ಕೂತು ಪಿಸುಗುಡುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುವ ಹಾಗೆ. ವುಡ್‌ಬ್ರಿಡ್ಜಿನ ನಮ್ಮ ಫ್ಯಾಕ್ಟರಿಗೆ ನಾನು ಸೇರಿದ ದಿನವೇ, ಇವರು ಧಾರವಾಡದವರು ಅಂತ ಗೊತ್ತಾಗಿದ್ದರಿಂದ, "ಎಂತ ಸರ್, ದಿಂಬು ಸರಿ ಇರ್ಲಿಲ್ವಾ?" ಅಂತ ಕೇಳಿಯೇಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ. ನಮ್ಮ ಕಾರ್ಕಳದ ಮನೆಯಲ್ಲಿ ಎಲ್ಲರೂ ಹಾಗೆಯೇ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯ, ನಮ್ಮಾಕೀನ ಬಂದ್ಲಲ್ಲ! ಸರ್ ಗಿರ್ ಬ್ಯಾಡವಾ, ಕಾಕಾ ಅನ್ನು."

ನಾವು ಮಾಡುತ್ತಿದ್ದದ್ದು ಬಂದೂಕಿನ ಸದ್ದು ಅಡಗಿಸುವ ಕೊಳವೆಗಳನ್ನು. ಸಪ್ರೆಸರ್ ಅಂತ ಹೆಸರು. ನಾವು ವಲಸೆ ಬಂದ ಈ ದೇಶದಲ್ಲಿ ಸಾಮಾನ್ಯ ಜನ ಅದನ್ನು ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್ ಇರುವ ನಮ್ಮಂಥವರು ಮಾಡಿ ಸೈನ್ಯಕ್ಕೆ, ಪೊಲೀಸರಿಗೆ ಕೊಡಬೇಕು. ಮಿಸಿಸಾಗದಲ್ಲಿ ನಮ್ಮವರ ಪಾಟ್‌ಲಕ್ ಊಟದಲ್ಲಿ ಯಾರಾದರೂ ಕೇಳಿದರೆ ಪೈಪ್ ಫಿಟಿಂಗ್ ಕಂಪನಿ ಅನ್ನುತ್ತಿದ್ದೆ. ಸುಳ್ಳೇನಲ್ಲವಲ್ಲ!

ಕಾಕಾ ಡಿಸೈನ್ ವಿಭಾಗದ ಮುಖ್ಯಸ್ಥರು. ಅವರು ಮಾಡಿಸಿದ್ದನ್ನು ಬಂದೂಕಿಗೆ ಸಿಕ್ಕಿಸಿ, ಹೆಗಲಿಗಿಟ್ಟು ಹೊಡೆದು ನೋಡುವುದು ನನ್ನ ಕೆಲಸ. ಒಂದೊಂದು ಬಂದೂಕಿಗೆ ಒಂದೊಂದು ಬಗೆಯ ಕೊಳವೆ, ಒಂದರದು ಇನ್ನೊಂದಕ್ಕೆ ಕೂರದು. ಯಾವ ನಳಿಗೆಗೆ ಯಾವ ಕೊಳವೆಯನ್ನಾದರೂ ಕೂರಿಸುವ ಒಂದೇ ಹಿಡಿಕೆ ಮಾಡಬೇಕು ಎನ್ನುವುದು ಅವರ ಹಠ. "ನಿಮ್ಮ ಕಾಕೀ ಅಡಗಿಮನ್ಯಾಗ ನಾಕು ಕುಕ್ಕರ್ ಅದಾವ. ಒಂದರ ಮುಚ್ಚಳ ಇನ್ನೊಂದಕ್ಕ ಕೂಡಂಗಿಲ್ಲ. ದಿನಾ ಬೆಳಗಾದ್ರ ಅದ ಜಗಳ. ನಾ ಆ ಜಗಳ ಬಿಡಸಾಕತ್ತೀನಿ, ಅಷ್ಟ," ಅನ್ನುತ್ತಿದ್ದರು.

ಫ್ಯಾಕ್ಟರಿಯ ಹಿಂಬದಿಗೆ ಟೆಸ್ಟ್ ರೂಮು. ಕಿಟಕಿಯಿಲ್ಲದ ಕಾಂಕ್ರೀಟು, ಗೋಡೆ ತುಂಬ ಕಪ್ಪು ಫೋಮು. ಅಲ್ಲಿ ಮಾತಾಡಿದರೆ ನಮ್ಮ ದನಿ ಬಾಯಿಂದ ಆಚೆ ಹೋಗದೆ ಅಲ್ಲೇ ಬಿದ್ದುಹೋಗುತ್ತಿತ್ತು. ನಮ್ಮ ಪಂಜಾಬಿ ಆಪರೇಟರುಗಳು ಒಬ್ಬೊಬ್ಬರೇ ಒಳಗೆ ಕಾಲಿಡುತ್ತಿರಲಿಲ್ಲ. ಕಾಕಾ ಮಾತ್ರ ಪ್ರತಿ ಗುಂಡು ಹಾರಿದ ಮೇಲೂ ಕಿವಿಯ ಮಫ್ ತೆಗೆದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಎಂತ ಕೇಳ್ತೀರಿ ಮಾರಾಯ್ರೆ ಅಂದರೆ ಯಾವಾಗಲೂ ಅದೇ ಉತ್ತರ: "ಸದ್ದು ಸಾಯಂಗಿಲ್ಲ ತಂಗಿ. ನಾವು ಇಲ್ಲಿಂದ ಓಡಸ್ತೀವಿ, ಅದು ಎಲ್ಲೋ ಹೋಗಿ ಕೂಡತದ." ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಆಮೇಲಾಮೇಲೆ ಆ ರೂಮಿನ ದೀಪ ಆರಿಸುವಾಗ ಬೆನ್ನು ತಿರುಗಿಸುವುದಕ್ಕೇ ಅಳುಕಾಗುತ್ತಿತ್ತು.

ಹಿಡಿಕೆ ತಯಾರಾದದ್ದು ಆಯುಧಪೂಜೆಯ ಹಿಂದಿನ ದಿನ. ನಳಿಗೆಗೂ ಕೊಳವೆಗೂ ಕೂದಲೆಳೆಯಷ್ಟು ಓರೆ ಇದ್ದರೂ ಗುಂಡು ಒಳಗೇ ತಾಗಿ, ಕೊಳವೆ ಸಿಡಿದು ಹೊಡೆಯುವವರ ಮುಖಕ್ಕೆ ಬರಬಹುದು. ಅದಕ್ಕೆ ಇಬ್ಬರೂ ಸೇರಿ ಅಳೆದು ನೋಡಿ, ನೆಟ್ಟಗಿದೆ ಅಂತ ಖಾತ್ರಿ ಮಾಡಿಕೊಂಡೇ ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ ಲಂಚ್‌ರೂಮಿನಲ್ಲಿ ಪೂಜೆ. ವರ್ಷವೂ ಕಾಕಾ ಅವರದೇ ಪೌರೋಹಿತ್ಯ. ಯಂತ್ರಗಳಿಗೆಲ್ಲ ಅರಿಶಿನ ಕುಂಕುಮ, ಡ್ರಿಲ್ಲಿಗೆ ಚೆಂಡುಹೂವು, ನಿಂಬೆಹಣ್ಣು ಒಡೆದದ್ದು ಫೋರ್ಕ್‌ಲಿಫ್ಟಿನ ಚಕ್ರಕ್ಕೆ. ಇಟಲಿ ಮೂಲದ ನಮ್ಮ ಮಾಲೀಕ ಎರಡೂ ಕೈಯಲ್ಲಿ ಲಾಡು ಹಿಡಿದು ನಿಂತಿದ್ದ. ಲಾಡು ಮುಗಿದದ್ದೇ ನಾವಿಬ್ಬರೂ ಟೆಸ್ಟ್ ರೂಮಿಗೆ ಹೋದೆವು.

ಬಂದೂಕು ಹೆಗಲಿಗಿಟ್ಟೆ. ಕೆನ್ನೆ ಒತ್ತಿದೆ. ಟ್ರಿಗರಿನ ಮೇಲೆ ಬೆರಳು ಇಟ್ಟಾಗಿತ್ತು. ಆಗ ನಿಲ್ಲಿಸು ಎನ್ನುವ ಕೆಂಪು ದೀಪ ಹತ್ತಿತು. ಬಂದೂಕು ಕೆಳಗಿಟ್ಟು ತಿರುಗಿದರೆ ಕಾಕಾ ಸ್ವಿಚ್ಚನ್ನು ಅದುಮಿ ಹಿಡಿದು ನಿಂತಿದ್ದಾರೆ, ಮುಖ ಬಿಳುಚಿಕೊಂಡಿದೆ. ಅವರ ಕುತ್ತಿಗೆ ನೆಟ್ಟಗಿತ್ತು. ಅದನ್ನು ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

"ಬಿಚ್ಚು ಅದನ್ನ," ಎಂದರು.

"ಎಂತಾಯ್ತು ಕಾಕಾ? ನಿನ್ನೆ ನೋಡಿದ್ದಲ್ವಾ?"

"ಬಿಚ್ಚವಾ, ಕೈ ಮುಗೀತೀನಿ."

ಗುಂಡು ತೆಗೆದು ಕೊಳವೆ ಬಿಚ್ಚಿದೆ. ಹಿಡಿಕೆ ಕೂರುವ ಅಂಚಿನ ಒಳಗೆ ಕುಂಕುಮ. ಅರಿಶಿನದ ಜೊತೆ ಕಲಸಿ, ಒಣಗಿ ಗಟ್ಟಿಯಾದ ಒಂದು ಚಿಟಿಕೆ. ಬೆಳಿಗ್ಗೆ ಯಾರೂ ಬರುವ ಮೊದಲೇ ಕಾಕಾ ಅದನ್ನು ಬಿಚ್ಚಿ, ಹಡೆದ ಕೂಸಿಗೆ ಇಡುವಂತೆ ಬೊಟ್ಟಿಟ್ಟು, ಮತ್ತೆ ಸಿಕ್ಕಿಸಿದ್ದರು. ಹಾಗೇ ಮತ್ತೆ ಸಿಕ್ಕಿಸಿ ಅಳೆದರೆ ಓರೆ. ಹೊಡೆದಿದ್ದರೆ ನನ್ನ ಕಣ್ಣು ಇರುತ್ತಿರಲಿಲ್ಲ, ಬಹುಶಃ ನಾನೇ ಇರುತ್ತಿರಲಿಲ್ಲ. ಕಾಕಾ ನೆಲದ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತರು. ನಾನೂ ಅತ್ತೆ. ವಿಷಯ ತಿಳಿದ ಮಾಲೀಕ ಬಯ್ಯಲಿಲ್ಲ. "ನೆಕ್ಸ್ಟ್ ಇಯರ್, ಬ್ಲೆಸ್ ದ ಬಾಕ್ಸ್," ಎಂದ, ಕುಂಕುಮ ಇನ್ನು ಸಾಮಾನಿನ ಡಬ್ಬಿಗೆ ಮಾತ್ರ ಅಂತ.

ಸಂಜೆ ನನ್ನ ಮನೆಗೆ ಅವರೇ ಬಿಡಲು ಬಂದರು. ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸಿದ ಮೇಲೆ ಕೇಳಿದೆ, "ಗೊತ್ತಾದದ್ದು ಹೇಗೆ? ಕುಂಕುಮ ನೆನಪಾಯ್ತಾ?"

"ಇಲ್ಲವಾ." ಎಂಜಿನ್ ಆರಿಸಿದರು. "ಸಣ್ಣ ವಯಸ್ಸಿನ್ಯಾಗ ಕಿವಿಗೆ ಏನೂ ಹಾಕದ ಬಂದೂಕು ಹೊಡದು, ಎಡಗಿವಿಯೊಳಗ ಗುಂಯ್ ಅಂತ ಒಂದು ಸದ್ದು ಕೂತದ. ಮಲಗಿದ್ರೂ ಅದ, ಎದ್ರೂ ಅದ. ಎಂದೂ ನಿಂತಿಲ್ಲ. ಇವತ್ತ ನೀ ಕೆನ್ನಿ ಇಟ್ಟಿ ನೋಡು, ಗಪ್ ಆತು. ನಾ ಸತ್ತೆ ಅಂದ್ಕೊಂಡೆ. ಕೈ ನೋಡ್ಕೊಂಡೆ, ಸತ್ತಿಲ್ಲ. ಹಂಗಾರ ಮತ್ಯಾರು ಅಂತ ನಿನ್ನ ಕಡೆ ನೋಡಿದೆ."

"ಈಗ?"

"ಈಗ ಐತಿ," ಎಂದು ಎಡಕ್ಕೆ ವಾಲಿದರು. ನನಗೆ ಥ್ಯಾಂಕ್ಸ್ ಹೇಳುವುದಕ್ಕೂ ಬಾಯಿ ಬರಲಿಲ್ಲ. ಬಾಯಿಗೆ ಬೀಗವಿಲ್ಲದವಳು ನಾನು!

ಆ ಹಿಡಿಕೆ ಈಗ ಎಲ್ಲೆಲ್ಲಿಗೋ ಹೋಗುತ್ತದೆ. ಕಾಕಾ ಹೋದದ್ದು ಹೋದ ಚಳಿಗಾಲ, ಹೃದಯ ನಿಂತು. ಫ್ಯೂನರಲ್ ಹೋಮಿನಲ್ಲಿ ಕಾಕಿ ನನ್ನ ಕೈ ಬಿಡಲೇ ಇಲ್ಲ. "ಮುಂಜಾನೆದ್ದು 'ಗಪ್ ಆತು' ಅಂದ್ರು ತಂಗಿ. ಚಹಾ ತಾ ಅಂದ್ರು. ನನ್ನ ಕಡೆನ ನೋಡಾಕತ್ತಿದ್ರು, ಹಿಂಗ್ಯಾಕ ನೋಡ್ತೀರಿ ಅಂತ ನಕ್ಕೆ. ಚಹಾ ತರೂದ್ರಾಗ ಇಲ್ಲ." ಏನು ಗಪ್ ಆಯಿತು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಪೆಟ್ಟಿಗೆಯೊಳಗೆ ಕಾಕಾ ಅವರ ಕುತ್ತಿಗೆ ನೆಟ್ಟಗಿತ್ತು. ಬಗ್ಗಿ ಹೂ ಇಟ್ಟೆ. ತಲೆ ಎತ್ತುವಾಗ ನನ್ನ ಎಡಗಿವಿಯಲ್ಲಿ ಸಣ್ಣಗೆ ಗುಂಯ್ ಎಂದಿತು.

ಡಾಕ್ಟರು ವಯಸ್ಸು ಅಂದರು, ಕೆಲಸ ಅಂದರು, ಕಿವಿಗೆ ಮಷಿನ್ ಹಾಕಿಕೊಂಡರೆ ಕಡಿಮೆಯಾಗುತ್ತದೆ ಅಂದರು. ಬೇಡ ಅಂದೆ. ಮೊನ್ನೆ ಊಟಕ್ಕೆ ಕೂತಾಗ ಮಗಳು, "ಅಮ್ಮ, ವೈ ಈಸ್ ಯುವರ್ ಹೆಡ್ ಲೈಕ್ ದಟ್?" ಎಂದಳು. ಕುತ್ತಿಗೆ ಉಳುಕಿದೆ ಅಂದೆ.

ಈಗಲೂ ಅದೇ ರೂಮು, ಅದೇ ಕೆಲಸ. ಅಳತೆ ನೋಡುತ್ತೇನೆ, ಮತ್ತೊಮ್ಮೆ ನೋಡುತ್ತೇನೆ. ಕೆನ್ನೆ ಒತ್ತಿದ ಮೇಲೆ ಒಂದು ಕ್ಷಣ ಎಡಗಿವಿಗೆ ಕಾಯುತ್ತೇನೆ. ಇದ್ದೀರಾ ಕಾಕಾ ಅಂತ ಮನಸ್ಸಿನಲ್ಲೇ ಕೇಳುತ್ತೇನೆ. ಗುಂಯ್ ಅನ್ನುತ್ತದೆ. ಆಮೇಲೆ ಹೊಡೆಯುತ್ತೇನೆ.