ಅತ್ತೆ ಹೇಳಿದ ಬಣ್ಣ

ಕೀಲ್ಪಾಕಿನ ನಮ್ಮ ಮನೆಯನ್ನು ಕಟ್ಟಿಸಿದವರು ರೈಲ್ವೆಯಲ್ಲಿದ್ದ ನನ್ನ ಮಾವ. ಗಾರೆ ಮಾಡಿಸದೆ ಹಾಗೇ ಬಿಟ್ಟ ಕೆಂಪು ಇಟ್ಟಿಗೆಯ ಹೊರಗೋಡೆಗಳೆಂದರೆ ಅವರಿಗೆ ಬಹಳ ಹೆಮ್ಮೆ. ಅವರು ತೀರಿಕೊಂಡ ಮೇಲೆ ಮಳೆ, ಹೊಗೆಗೆ ಇಟ್ಟಿಗೆಗಳು ಕಪ್ಪಿಟ್ಟು ಮನೆ ಹಳೆಯ ಗೋದಾಮಿನಂತೆ ಕಾಣತೊಡಗಿತು. ಗೋಡೆಗೆ ಕಲ್ಲು ಹೊದಿಸುವಷ್ಟು ಅನುಕೂಲ ನಮಗಿರಲಿಲ್ಲ. ಸುಣ್ಣ ಬಳಿಯಬಹುದಿತ್ತು. ಆದರೆ ಅತ್ತೆಯ ಮನಸ್ಸಿಗೆ ನೋವಾದೀತೆಂದು ನಾನೂ ನನ್ನ ಗಂಡನೂ ಆ ಮಾತನ್ನೇ ಎತ್ತುತ್ತಿರಲಿಲ್ಲ.

ಕಳೆದ ಪೊಂಗಲ್‌ಗೆ ಮುಂಚೆ ಮಗಳು ಊಟದ ನಡುವೆ ಕೇಳಿಯೇಬಿಟ್ಟಳು. "ಅಜ್ಜಿ, ವೀಟುಕ್ಕು ವೆಳ್ಳೆ ಅಡಿಕ್ಕಲಾಮಾ?" ಮನೆಗೆ ಸುಣ್ಣ ಹೊಡೆಯೋಣವೇ ಎಂದು ಅವಳು ಎಂದಿನಂತೆ ತಮಿಳಿನಲ್ಲೇ ಕೇಳಿದ್ದಳು.

ಅತ್ತೆ ನಕ್ಕುಬಿಟ್ಟರು. "ಧಾರಾಳವಾಗಿ ಹೊಡೀರಿ. ನಂಗೆ ಆ ಕೆಂಪು ಯಾವತ್ತೂ ಹಿಡಿಸ್ಲಿಲ್ಲ. ಅವರಿಗಿಷ್ಟ ಅಂತ ಸುಮ್ನಿದ್ದೆ. ಆಮೇಲೆ ನಿಮಗೂ ಇಷ್ಟ ಅಂದ್ಕೊಂಡೆ."

"ನಾವು ನಿಮಗಿಷ್ಟ ಅಂದ್ಕೊಂಡಿದ್ವಿ ಅಮ್ಮಾ," ಎಂದರು ನನ್ನ ಗಂಡ.

"ಬರೀ ಬಿಳಿ ಬೇಡ, ಸ್ವಲ್ಪ ಹಳದಿ ಬೆರೆಸಿ," ಎಂದರು ಅತ್ತೆ.

ರಜೆಯ ದಿನಗಳಲ್ಲಿ ನಾವೇ ಗೋಡೆ ಉಜ್ಜಿ ತೊಳೆದು ಸುಣ್ಣ ಬಳಿದೆವು. ಎತ್ತರದ ಭಾಗಕ್ಕೆ ಮಾತ್ರ ಕೆಲಸದವರನ್ನು ಕರೆದೆವು. ಕಿಟಕಿಯ ಸರಳುಗಳಿಗೆ ಮಗಳು ಹಸಿರು ಬಣ್ಣ ಹಚ್ಚಿದಳು. ಸುಣ್ಣದ ಕೆಳಗೆ ಇಟ್ಟಿಗೆಯ ಸಾಲುಗಳು ಇನ್ನೂ ಕಾಣುತ್ತಿದ್ದವು. ಅದು ನನಗೆ ಹಿತವೆನಿಸಿತು.

ಕೆಲಸ ಮುಗಿದ ಸಂಜೆ ಅತ್ತೆ ಗೇಟಿನಾಚೆ ಕುರ್ಚಿ ಹಾಕಿಸಿಕೊಂಡು ಮನೆಯನ್ನು ನೋಡುತ್ತ ಕುಳಿತರು. ಎದುರುಮನೆಯವರು ನಿಂತು ಹೊಗಳಿದಾಗ, ಬಣ್ಣ ಹೇಳಿದ್ದು ತಾನೇ ಎಂದು ತಮಿಳಿನಲ್ಲಿ ತಿಳಿಸಿ, ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡರು.