ಕರೆಂಟು ಪಳಗಿದ ಕೈ

ಕೊಳ್ಳೇಗಾಲದ ಪೇಟೆಯಲ್ಲಿದ್ದ ಸದಾಶಿವಪ್ಪನವರ ಹಿಟ್ಟಿನ ಗಿರಣಿಗೆ ಕರೆಂಟು ಬಂದಾಗ ಊರಿನ ಅರ್ಧ ಜನ ನೋಡಲು ಬಂದರು, ಉಳಿದರ್ಧ ಜನ ಬೈಯಲು ಬಂದರು. ಅದಕ್ಕೂ ಮೊದಲು ಅಲ್ಲಿದ್ದದ್ದು ಎಣ್ಣೆ ಇಂಜಿನ್ನು. ಹೊಗೆ ಕಾರುತ್ತಿತ್ತು, ಬೀದಿಗೆಲ್ಲ ಕೇಳುವಂತೆ ಗುಡುಗುತ್ತಿತ್ತು, ಆದರೆ ಅದು ಯಾಕೆ ತಿರುಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಈ ಮೋಟಾರು ಹಾಗಲ್ಲ. ಗೋಡೆಯ ಮೇಲಿನ ಹಿಡಿಯನ್ನು ಎತ್ತಿದರೆ ಸಾಕು, ತಾನೇ ತಾನಾಗಿ ತಿರುಗತೊಡಗುತ್ತಿತ್ತು. ಕಣ್ಣಿಗೆ ಕಾಣದ್ದು ಬಂದು ಕಲ್ಲು ತಿರುಗಿಸುತ್ತದೆ ಎಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಕರೆಂಟಿನಲ್ಲಿ ಬೀಸಿದ ರಾಗಿಗೆ ಕಸುವಿಲ್ಲ ಎಂದರು. ಬಾಣಂತಿಯ ಹಾಲು ಬತ್ತುತ್ತದೆ ಎಂದರು. ಮೋಟಾರಿನ ಹತ್ತಿರ ನಿಂತವನ ರಕ್ತ ನೀರಾಗುತ್ತದೆ ಎಂದರು. ಹೀಗೆಲ್ಲ ಅಂದವರೇ ಸಂಜೆಗೆ ರಾಗಿ ಹೊತ್ತುಕೊಂಡು ಅಲ್ಲಿಗೇ ಬಂದು ಸಾಲು ನಿಲ್ಲುತ್ತಿದ್ದರು. ಮನೆಯ ಬೀಸುಕಲ್ಲಿನ ಮುಂದೆ ಕೂತು ರಟ್ಟೆ ಬೀಳಿಸಿಕೊಳ್ಳುವುದಕ್ಕಿಂತ ರಕ್ತ ನೀರಾಗುವುದೇ ಮೇಲು ಅನ್ನಿಸಿರಬೇಕು.

ಆ ಮೋಟಾರಿನ ಪಕ್ಕ ದಿನವಿಡೀ ನಿಲ್ಲುತ್ತಿದ್ದವನು ಪುಟ್ಟಮಾದಪ್ಪ. ರಾಮಾಪುರದವನು. ಅಲ್ಲಿ ಅಣ್ಣ ಚಿಕ್ಕಮಾದಪ್ಪನ ಜೊತೆ ಪಾಲಿನಲ್ಲಿ ಒಂದು ತುಂಡು ಬೆದ್ದಲು ಹೊಲ ಇತ್ತು. ಅದನ್ನು ಅಣ್ಣನಿಗೇ ಬಿಟ್ಟು, ಗಿರಣಿಯಲ್ಲಿ ಮೂಟೆ ಹೊರಲು ಬಂದು, ಇಂಜಿನ್ನಿಗೆ ಎಣ್ಣೆ ಬಿಡುವುದು ಕಲಿತು ಅಲ್ಲೇ ನಿಂತವನು. ಮೋಟಾರಿನ ಹಿಡಿ ಎತ್ತಲು ಬೇರೆ ಯಾರೂ ಒಪ್ಪದಿದ್ದಾಗ ಅದೂ ಅವನ ಪಾಲಿಗೆ ಬಂತು. ಹೆಂಡತಿ ಚಿಕ್ಕನಿಂಗಮ್ಮ ಗಿರಣಿಯ ಹಿತ್ತಲಲ್ಲಿ ಧಾನ್ಯ ಹಸನು ಮಾಡುತ್ತಿದ್ದಳು. ಒಬ್ಬಳೇ ಮಗಳು ಚಾಮುಂಡಮ್ಮ ಆಗಿನ್ನೂ ತೊಟ್ಟಿಲಲ್ಲಿದ್ದಳು.

ಮೋಟಾರಿಗೆ ಒಂದು ದುರ್ಗುಣವಿತ್ತು. ಮೈ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಆದರೆ ಮುಟ್ಟದೆ ವಿಧಿಯಿಲ್ಲ. ಕಾವು ಏರಿದೆಯೋ ಇಲ್ಲವೋ ಎಂದು ನಡುನಡುವೆ ಅಂಗೈ ಇಟ್ಟು ನೋಡಬೇಕು, ಹೆಚ್ಚು ಕಾದಿದ್ದರೆ ನಿಲ್ಲಿಸಿ ಆರಲು ಬಿಡಬೇಕು. ಮೊದಮೊದಲು ಪುಟ್ಟಮಾದಪ್ಪನೂ ಕೈಯಿಟ್ಟು, ಬೈದು, ಕೈ ಒದರಿಕೊಳ್ಳುತ್ತಿದ್ದ. ಆಮೇಲೆ ರೂಢಿಯಾಯಿತು. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಕೈಯಿಟ್ಟರೆ ಏನೂ ಆಗಲಿಲ್ಲ. ಮೋಟಾರು ತಾನೇ ಸರಿಹೋಯಿತು ಅಂದುಕೊಂಡು, ಮೂಟೆ ಹೊರುವ ನಂಜಯ್ಯನಿಗೆ ಹೇಳಿದ.

"ಲೇ ನಂಜಯ್ಯ, ಮುಟ್ಟು ನೋಡನ, ಈಗ ಏನೂ ಇಲ್ಲ ಕಣ್ಲಾ."

ನಂಜಯ್ಯ ಮುಟ್ಟಿದವನೇ ಒಂದು ಮಾರು ಹಿಂದಕ್ಕೆ ನೆಗೆದು ಅವನ ಮೂರು ತಲೆಮಾರನ್ನೂ ಬೈದ. ಪುಟ್ಟಮಾದಪ್ಪ ಮತ್ತೆ ಮುಟ್ಟಿದ. ಏನೂ ಇಲ್ಲ. ಒದ್ದೆ ಕೈಯಲ್ಲಿ ಮುಟ್ಟಿದ. ಆಗಲೂ ಏನೂ ಇಲ್ಲ. ನಂಜಯ್ಯ ಬಾಯಿ ಬಿಟ್ಟುಕೊಂಡು ನಿಂತ.

"ನಿಂಗ ಕರೆಂಟು ಪಳಗ್ಬುಟ್ಟದೆ ಕಣ್ಲಾ," ಅಂದ.

ಅಲ್ಲಿಂದ ಸುದ್ದಿ ಹಬ್ಬಿತು. ಯಳಂದೂರಿನಿಂದ ಬಂದ ಗಾಡಿಯವರು ಕೂಡ ರಾಗಿ ಇಳಿಸುವ ಮೊದಲು "ಯಾವನಪ್ಪಾ ಆ ಕರೆಂಟು ಪಳಗಿಸ್ದೋನು?" ಎಂದು ಕೇಳುವಂತಾಯಿತು. ಪುಟ್ಟಮಾದಪ್ಪ ಮೋಟಾರಿನ ಮೇಲೆ ಅಂಗೈ ಊರಿ ನಿಂತು ಬೀಡಿ ಸೇದಿ ತೋರಿಸುತ್ತಿದ್ದ. ಬೀಡಿಗೆ ಕೆಂಡವನ್ನು ಬೆರಳಲ್ಲೇ ಎತ್ತಿಕೊಳ್ಳುತ್ತಿದ್ದ. ಹುಟ್ಟಿದಾಗಿನಿಂದ ಯಾರ ಕಣ್ಣಿಗೂ ಬೀಳದ ಮನುಷ್ಯನಿಗೆ ಜನ ಬಂದು ನೋಡುವುದು ಅಂದರೆ ಸಾಮಾನ್ಯವೇ? ಅವನು ಹಿಗ್ಗಿದ. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಮಗಳು ಚಾಮಿ. ಅಪ್ಪ ಕೆಂಡ ಹಿಡಿದಾಗಲೆಲ್ಲ ಚಪ್ಪಾಳೆ ತಟ್ಟಿ, ತನಗೂ ಒಂದು ದಿನ ಪಳಗುತ್ತದೆಯೇ ಎಂದು ಕೇಳುತ್ತಿದ್ದಳು. "ದೊಡ್ಡವಳಾಗವ್ವ, ನೋಡನ," ಅನ್ನುತ್ತಿದ್ದ.

ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. ಬೆರಳಲ್ಲಿ ಬೊಬ್ಬೆ ಏಳುತ್ತಿತ್ತು, ಒಡೆದು ಹುಣ್ಣಾಗುತ್ತಿತ್ತು, ಅವನಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಕಿರುಬೆರಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿತು. ಒಂದು ಕಾಲಿನ ಎಕ್ಕಡ ದಾರಿಯಲ್ಲಿ ಕಳಚಿಬಿದ್ದರೂ ಗೊತ್ತಾಗದೆ ಮನೆಗೆ ಬರುತ್ತಿದ್ದ. ಬೆನ್ನ ಮೇಲೆ ಬಿಳಿಚಿದ ಮಚ್ಚೆಗಳು ಎದ್ದವು. ಈಗ ಅದೇ ಜನ ಬೇರೆ ಮಾತಾಡಿದರು. ಪಳಗಿಲ್ಲ, ಕರೆಂಟು ಅವನ ನರ ಕುಡಿಯುತ್ತಾ ಇದೆ ಎಂದರು. ಹೆಂಗಸರು ಮಕ್ಕಳನ್ನು ಗಿರಣಿಯ ಹೊಸ್ತಿಲಾಚೆಗೇ ನಿಲ್ಲಿಸಿ ಬರತೊಡಗಿದರು. ಸದಾಶಿವಪ್ಪನವರು ಅವನನ್ನು ಕರೆದರು.

"ಲೇ ಮಾದ, ನೀನಿಂಗೆ ಕೈ ಸುಟ್ಕಂಡು ನಿಂತ್ರೆ ನನ್ ಗಿರಣಿಗೆ ಯಾವನ್ಲಾ ಬತ್ತಾನೆ? ಆಸ್ಪತ್ರೆಗೆ ಓಗಿ ತೋರಿಸ್ಕಂಡು ಬಾ ಓಗು."

"ಆಯ್ತು ಸಾವ್ಕಾರ್ರೆ," ಅಂದು ಪುಟ್ಟಮಾದಪ್ಪ ಹೋದ.

ಆಸ್ಪತ್ರೆಯ ಡಾಕ್ಟರಮ್ಮ ಅವನಿಗೆ ಕಣ್ಣು ಮುಚ್ಚಲು ಹೇಳಿದರು. ಕೋಳಿ ಪುಕ್ಕದಲ್ಲಿ ಮುಟ್ಟುತ್ತೇನೆ, ಮುಟ್ಟಿದ ಕಡೆ ಬೆರಳು ತೋರಿಸು ಅಂದರು. ಅವನು ಕಣ್ಣು ಮುಚ್ಚಿ ಕಾದ. ಹೊರಗೆ ಕಾಗೆ ಕೂಗುವುದು, ಯಾರೋ ಕೆಮ್ಮುವುದು ಕೇಳಿಸುತ್ತಿತ್ತು. ಬಹಳ ಹೊತ್ತು ಕಾದು ಬೇಸರವಾಗಿ, "ಸುರು ಮಾಡ್ರವ್ವ," ಅಂದ.

"ಮುಗೀತಪ್ಪ, ಕಣ್ಣು ಬಿಡು," ಎಂದರು ಡಾಕ್ಟರಮ್ಮ.

ಆಮೇಲೆ ಅವರು ಮೆಲ್ಲಗೆ, ಎರಡೆರಡು ಸಲ ಹೇಳಿ ತಿಳಿಸಿದರು. ಇದು ಕರೆಂಟಿನಿಂದ ಬಂದದ್ದಲ್ಲ. ಕರೆಂಟು ಜೋರಾಗಿ ಹೊಡೆದರೆ ಸುಡುತ್ತದೆ, ಕೊಲ್ಲುತ್ತದೆ, ಆದರೆ ಮೋಟಾರಿನ ಪಕ್ಕ ನಿಂತದ್ದಕ್ಕೆ ಯಾರ ರಕ್ತವೂ ನೀರಾಗುವುದಿಲ್ಲ, ಮಚ್ಚೆ ಏಳುವುದಿಲ್ಲ. ಇದು ಕುಷ್ಠ, ನಿಮ್ಮ ಕಡೆಯವರು ದೊಡ್ಡರೋಗ ಅನ್ನುವುದು. ನಿನ್ನ ಕೈ ಸತ್ತಿರುವುದರಿಂದ ಮೋಟಾರು ಜುಮ್ಮೆಂದದ್ದು ನಿನಗೆ ಗೊತ್ತಾಗಲಿಲ್ಲ, ಅಷ್ಟೆ. ಈಗ ಒಳ್ಳೆ ಮಾತ್ರೆ ಬಂದಿದೆ, ವಾರವಾರ ಬಂದು ತಗೊಂಡು ಹೋಗು, ಇಲ್ಲಿಗೇ ನಿಲ್ಲುತ್ತದೆ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡ. ಹೆಂಡತಿಯನ್ನೂ ಮಗುವನ್ನೂ ಒಂದು ಸಲ ಕರೆದುಕೊಂಡು ಬಾ. ಆ ಮೋಟಾರಿನಿಂದ ನೆಲಕ್ಕೊಂದು ತಂತಿ ಹೂಳಿಸಲು ನಿಮ್ಮ ಸಾಹುಕಾರರಿಗೆ ಹೇಳು, ಇಲ್ಲದಿದ್ದರೆ ಯಾರಾದರೂ ಸತ್ತಾರು.

ಪುಟ್ಟಮಾದಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಅವನಿಗೆ ಭಯವಾಗಲಿಲ್ಲ, ದುಃಖವೂ ಆಗಲಿಲ್ಲ. ಪುಕ್ಕ ಹೇಗೆ ತಾಕಲಿಲ್ಲವೋ ಮಾತೂ ಹಾಗೇ ತಾಕಲಿಲ್ಲ. ಹೊರಗೆ ಬಂದಾಗ ಜಗಲಿಯ ಕೊನೆಯಲ್ಲಿ, ರಸ್ತೆಗೆ ಕಾಣುವ ಹಾಗೆ ಒಂದು ಬೆಂಚು ಹಾಕಿತ್ತು. ಬೆರಳು ಮೊಂಡಾದವರು, ಮೂಗು ಕುಸಿದವರು ಕೂತು ಮಾತ್ರೆಗೆ ಕಾಯುತ್ತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಅವರನ್ನು ಕಂಡು ಸೆರಗನ್ನು ಮೂಗಿಗೆ ಒತ್ತಿಕೊಂಡು ಬೇಗ ಬೇಗ ನಡೆದಳು. ಅವಳು ಗಿರಣಿಗೆ ಬರುವವಳು. ಪುಟ್ಟಮಾದಪ್ಪ ಕಂಬದ ಮರೆಗೆ ಸರಿದು ನಿಂತು, ಅವಳು ದಾಟಿಹೋದ ಮೇಲೆ ಮನೆಗೆ ಬಂದ.

"ಏನಂದ್ರು ಡಾಕ್ಟ್ರು?" ಎಂದಳು ಚಿಕ್ಕನಿಂಗಮ್ಮ.

"ಕರೆಂಟು ಅಂದ್ರು," ಎಂದ.

ಈ ಒಂದು ಮಾತಿನಿಂದ ಎಷ್ಟು ಅನುಕೂಲವಾಯಿತು ನೋಡಿ. ದೊಡ್ಡರೋಗ ಅಂದಿದ್ದರೆ ಅದೇ ದಿನ ಬಾಡಿಗೆ ಮನೆ ಖಾಲಿ ಮಾಡಿಸುತ್ತಿದ್ದರು, ಬಾವಿಯ ಹತ್ತಿರ ಸೇರಿಸುತ್ತಿರಲಿಲ್ಲ, ಚಾಮಿಯನ್ನು ಮುಂದೆ ಯಾರೂ ಮದುವೆಯಾಗುತ್ತಿರಲಿಲ್ಲ. ಕರೆಂಟು ಅಂದದ್ದಕ್ಕೆ ಅಯ್ಯೋ ಪಾಪ ಅಂದರು. ಸದಾಶಿವಪ್ಪನವರು ತಾವೇ ಕೆಲಸದಿಂದ ಬಿಡಿಸಿ, ತಂತಿ ಇಲ್ಲದ ಊರಿಗೆ ಹೋಗಿ ಸುಧಾರಿಸಿಕೋ ಎಂದು ಒಂದು ಮೂಟೆ ರಾಗಿ ಕೊಟ್ಟು ಕಳಿಸಿದರು. ಡಾಕ್ಟರಮ್ಮ ಹೇಳಿದ ಮಾತುಗಳಲ್ಲಿ ನೆಲಕ್ಕೆ ತಂತಿ ಹೂಳಿಸುವ ಮಾತೊಂದನ್ನು ಮಾತ್ರ ಪುಟ್ಟಮಾದಪ್ಪ ನಿಯತ್ತಾಗಿ ಅವರಿಗೆ ಮುಟ್ಟಿಸಿದ. ಹೂಳಿಸಿದ ಮೇಲೆ ಮೋಟಾರು ಯಾರಿಗೂ ಜುಮ್ಮೆನ್ನಲಿಲ್ಲವಂತೆ.

ರಾಮಾಪುರಕ್ಕೆ ಬಂದು ಅಣ್ಣನ ಮನೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡರು. ಅಲ್ಲಿ ಆಗ ಕಂಬವಿಲ್ಲ, ತಂತಿಯಿಲ್ಲ, ಸಂಜೆಗೆ ಸೀಮೆಎಣ್ಣೆ ಬುಡ್ಡಿ. ಒಳ್ಳೆ ಗಾಳಿಗೆ ಎಲ್ಲ ಇಳಿದುಹೋಗುತ್ತದೆ ಎಂದು ಊರಿನವರು ಧೈರ್ಯ ಹೇಳಿದರು. ಇಳಿಯಲಿಲ್ಲ. ಮಾತ್ರೆಯ ಬೆಂಚಿಗೆ ಅವನು ಒಂದು ವಾರವೂ ಹೋಗಲಿಲ್ಲ. ನೇಗಿಲ ಮೇಣಿ ಕೈಯಿಂದ ಜಾರುತ್ತಿತ್ತು. ಮತ್ತೊಂದು ಬೆರಳು ಮಡಚಿತು. ಯಾರಾದರೂ ಕೇಳಿದರೆ, "ಒಳೀಕೆ ಓಗಿರೋ ಕರೆಂಟು ಅಂಗೆ ಒಂದೇ ಸಲಕ್ಕೆ ಇಳೀತದ?" ಅನ್ನುತ್ತಿದ್ದ. ಹೇಳುವಾಗ ನಾಚಿಕೆಯೂ ಆಗುತ್ತಿರಲಿಲ್ಲ. ದಿನಗಳು ಬರುತ್ತಿದ್ದವು, ಹೋಗುತ್ತಿದ್ದವು, ಅವನು ಹೊಲಕ್ಕೆ ಹೋಗಿ ಬರುತ್ತಿದ್ದ.

ಒಂದೇ ಒಂದು ವಿಷಯದಲ್ಲಿ ಡಾಕ್ಟರಮ್ಮನ ಮಾತು ಅವನನ್ನು ಬಿಡಲಿಲ್ಲ. ಚಾಮಿ ಕೂಸಾಗಿದ್ದಾಗಿನಿಂದ ಅಪ್ಪನ ತೋಳ ಮೇಲೆ ತಲೆಯಿಟ್ಟೇ ನಿದ್ದೆ ಮಾಡುತ್ತಿದ್ದಳು. ಪ್ರತಿ ದಿನ ಅವಳು ಬಂದು ತಲೆಯಿಟ್ಟಾಗ ಅವನಿಗೆ ಆ ಮಾತು ನೆನಪಾಗುತ್ತಿತ್ತು. ಅವಳನ್ನು ಅತ್ತ ಮಲಗಿಸಿದರೆ ಹೆಂಡತಿ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದರೆ ಏನು ಹೇಳುವುದು? ಕರೆಂಟು ಅಂಟುತ್ತದೆ ಎಂದು ಯಾರೂ ಹೇಳಿಲ್ಲ. ಹಾಗಾಗಿ ಅವನು ತೋಳು ತೆಗೆಯಲಿಲ್ಲ. ಆ ತೋಳಿಗೆ ಅವಳ ತಲೆಯ ಭಾರ ತಿಳಿಯುವುದೂ ನಿಂತುಹೋಗಿತ್ತು.

ಹೀಗೇ ವರ್ಷಗಳು ಕಳೆದವು. ಚಾಮಿ ಲಂಗ ಎತ್ತಿಕಟ್ಟಿ ಅವ್ವನ ಜೊತೆ ಒಲೆಯ ಕೆಲಸ ಮಾಡುವಷ್ಟಾದಳು. ಒಂದು ಬೆಳಿಗ್ಗೆ ಪುಟ್ಟಮಾದಪ್ಪ ಹೊಲಕ್ಕೆ ಹೊರಡುವ ಮೊದಲು ಉಣ್ಣಲು ಕೂತಿದ್ದ. ಒಲೆಯ ಮೇಲೆ ಹುರುಳಿಕಾಳಿನ ಸಾರು ಕೊತಕೊತ ಕುದಿಯುತ್ತಿತ್ತು. ಚಿಕ್ಕನಿಂಗಮ್ಮ ಮಡಕೆ ಇಳಿಸಲು ಬಟ್ಟೆ ಹುಡುಕುತ್ತಿದ್ದಳು. ಅಷ್ಟರಲ್ಲಿ ಚಾಮಿ ಎಡಗೈ ಚಾಚಿ ಮಡಕೆಯ ಕಂಠ ಹಿಡಿದು, ಬರಿಗೈಯಲ್ಲೇ ಎತ್ತಿ ನೆಲದ ಮೇಲಿಟ್ಟಳು.

ಚಿಕ್ಕನಿಂಗಮ್ಮ ಕಿಟಾರನೆ ಕಿರುಚಿದಳು. ಚಾಮಿ ನಗುತ್ತಿದ್ದಳು. ಎಷ್ಟೋ ದಿನದಿಂದ ಕಾಯ್ದಿಟ್ಟುಕೊಂಡಿದ್ದ ಸುದ್ದಿಯನ್ನು ತೋರಿಸುವವಳ ಹಾಗೆ ಅಂಗೈಯನ್ನು ಅಪ್ಪನ ಮುಂದೆ ಚಾಚಿದಳು. ಅಂಗೈ ಕೆಂಪಾಗಿ ಉಬ್ಬುತ್ತಿತ್ತು.

"ಅಪ್ಪೋ, ನೋಡು! ನಂಗೂ ಕರೆಂಟು ಪಳಗ್ಬುಡ್ತು. ಒಸಿನೂ ಉರಿಯಲ್ಲ ಕಣಪ್ಪೋ!"

ಚಿಕ್ಕನಿಂಗಮ್ಮ ಮಗಳ ಕೈ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಈ ಊರ್ಗ ಕರೆಂಟು ಎಲ್ಲಿ ಬಂದದೆ?" ಎಂದಳು.

ಪುಟ್ಟಮಾದಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ಬಿತ್ತು. ಬಿದ್ದದ್ದು ಅವನ ಕಣ್ಣಿಗೆ ಕಂಡಿತು, ಕೈಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಮರಗಟ್ಟಿದ್ದ ಮೈಯೊಳಗೆ ಎಲ್ಲೋ ಒಂದು ಕಡೆ ಸುಟ್ಟ ಹಾಗಾಯಿತು. ನೋವು ಅಂದರೆ ಹೇಗಿರುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

"ಕರೆಂಟಲ್ಲ ಕಣೆ," ಎಂದ. "ಆವತ್ತೂ ಕರೆಂಟಲ್ಲ. ದೊಡ್ಡರೋಗ."

"ಡಾಕ್ಟ್ರು ಆವತ್ತೇ ಯೋಳಿದ್ರಾ?"

"ಯೋಳಿದ್ರು."

"ಮಗೀನ ಪಕ್ಕದಲ್ಲಿ ಮಲಗಿಸ್ಕಬ್ಯಾಡ ಅಂತ್ಲೂ?"

"ಅದ್ನೂ ಯೋಳಿದ್ರು."

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಹರಳೆಣ್ಣೆಯ ಕುಡಿಕೆ ತೆಗೆದು ಮಗಳ ಅಂಗೈಗೆ ಸವರಿ, ಹಳೆ ಬಟ್ಟೆ ಸುತ್ತಿದಳು. ಅವಳ ರವಿಕೆ ಸರಿಸಿ ಬೆನ್ನು ನೋಡಿದಳು. ಹೆಗಲ ಕೆಳಗೆ ಒಂದೇ ಒಂದು ಮಚ್ಚೆ ಇತ್ತು. ಅದರ ಮೇಲೆ ಉಗುರಿನಿಂದ ಗೀರಿದಳು. ಚಾಮಿ ಮಾತಾಡುತ್ತಲೇ ಇದ್ದಳು, ತಿರುಗಿ ನೋಡಲಿಲ್ಲ.

"ಕರ್ಕಂಡೋಗು," ಎಂದಳು ಚಿಕ್ಕನಿಂಗಮ್ಮ. "ಯಾರಾರ ಕೇಳುದ್ರೆ ಇನ್ನೊಂದ್ ಸಲ ಕರೆಂಟು ಅಂದ್ಗಿಂದೀಯ, ಜ್ವಾಕೆ."

ರಾಮಾಪುರದ ಬಸ್ ನಿಲ್ಲುವ ಕಡೆ ಗೋವಿಂದಯ್ಯನ ಕಾಫಿ ಅಂಗಡಿ. ಅದರ ಮುಂದೆ ಒಂದು ಉದ್ದನೆಯ ಮರದ ಬೆಂಚು. ಕೊಳ್ಳೇಗಾಲದ ಬಸ್ಸಿಗೆ ಕಾಯುವವರೆಲ್ಲ ಅದರ ಮೇಲೆ ಒತ್ತೊತ್ತಾಗಿ ಕೂತಿದ್ದರು. ಪುಟ್ಟಮಾದಪ್ಪನನ್ನು ಕಂಡು ಸರಿದು, ಅವನಿಗೂ ಹುಡುಗಿಗೂ ಒಂದಿಷ್ಟು ಜಾಗ ಮಾಡಿಕೊಟ್ಟರು. ಕರೆಂಟು ತಿಂದ ಮನುಷ್ಯ ಎಂದು ಊರಿನಲ್ಲಿ ಅವನಿಗೆ ಇನ್ನೂ ಅಷ್ಟು ಮರ್ಯಾದೆ ಇತ್ತು. ಪಕ್ಕದಲ್ಲಿ ಕೂತಿದ್ದ ಪುಟ್ಟಸಿದ್ದಯ್ಯ ಹುಡುಗಿಯ ಕೈಗೆ ಸುತ್ತಿದ ಬಟ್ಟೆ ನೋಡಿದ.

"ಎಲ್ಲಿಗ್ಲಾ ಮಾದಪ್ಪ, ಮಗ್ಳ ಕರ್ಕಂಡು?"

"ಆಸ್ಪತ್ರೆಗೆ."

"ಕೈಗೇನಾಯ್ತು?"

ಪುಟ್ಟಮಾದಪ್ಪ ರಸ್ತೆ ನೋಡಿದ. ಬಸ್ಸು ಬರುವ ಲಕ್ಷಣ ಇರಲಿಲ್ಲ.

"ನಂಗಿರೋದು ಕರೆಂಟಲ್ಲ ಸಿದ್ದಯ್ಯ. ದೊಡ್ಡರೋಗ," ಎಂದ. "ಮಗೀಗೂ ಬಂದದೆ. ಬೇಗ ತೋರಿಸುದ್ರೆ ನಿಲ್ತದಂತೆ."

ಕೂಗಿ ಹೇಳಿರಲಿಲ್ಲ. ಆದರೂ ಅಂಗಡಿಯ ಒಳಗೆ ಲೋಟ ತೊಳೆಯುವ ಸದ್ದು ನಿಂತಿತು. ಪುಟ್ಟಸಿದ್ದಯ್ಯ ಎದ್ದು ಪಂಚೆ ಕೊಡವಿಕೊಂಡ. ಅವನ ಪಕ್ಕದವನು ಎದ್ದ, ಅವನಾಚೆಯ ಮುದುಕಿ ತನ್ನ ಬುಟ್ಟಿ ಎತ್ತಿಕೊಂಡಳು. ಎಲ್ಲರೂ ಹೋಗಿ ರಸ್ತೆಯಾಚೆಯ ಹುಣಸೆಮರದ ಕೆಳಗೆ ನಿಂತರು.

"ಅಪ್ಪೋ, ಯಾಕೆ ಎಲ್ರೂ ಎದ್ದೋದ್ರು?" ಎಂದಳು ಚಾಮಿ.

"ನಿಂಗ ಜಾಗ ಆಗ್ಲಿ ಅಂತ ಕಣವ್ವ."

ಅವಳು ಬೆಂಚಿನ ಮೇಲೆ ಕಾಲು ಚಾಚಿಕೊಂಡು, ರೂಢಿಯಂತೆ ಅವನ ತೋಳಿಗೆ ತಲೆಯಿಡಲು ವಾಲಿದಳು. ಪುಟ್ಟಮಾದಪ್ಪ ತೋಳು ತೆಗೆದುಕೊಂಡ. ಹೆಗಲ ಮೇಲಿದ್ದ ಟವೆಲ್ಲನ್ನು ತನ್ನ ಮೈಗೆ ತಾಕಿದ ಮಗ್ಗುಲು ಒಳಗಾಗುವಂತೆ ಮಡಿಸಿ, ಬೆಂಚಿನ ಆ ತುದಿಯಲ್ಲಿ ಅವಳ ತಲೆಯ ಕೆಳಗೆ ಇಟ್ಟು, ತಾನು ಈ ತುದಿಗೆ ಬಂದು ಕೂತ.