ಕಾಡಪ್ಪ ಮಾಸ್ತರರ ಹತ್ತಿರ ಬಿಲ್ ಕೇಳಿದ್ದು

ಶಾಲಿನಿ ಹಂಚಿನಾಳ ವಾರದಲ್ಲಿ ಐದು ದಿನ ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ಕಾರಿನ ಗಿಯರುಗಳ ಅಳತೆ ತಪ್ಪಿದ್ದನ್ನು ಹಿಡಿಯುತ್ತಾಳೆ. ಶನಿವಾರ, ಭಾನುವಾರ ತಂಬೂರಿಗಳ ದನಿ ತಪ್ಪಿದ್ದನ್ನು ಹಿಡಿಯುತ್ತಾಳೆ. ತಂತಿ ಕೂರುವ ಕುದುರೆಯನ್ನು ಅರದಿಂದ ಕೂದಲೆಳೆಯಷ್ಟು ಸವರಿ, ಮಂಕಾದ ನಾದವನ್ನು ಮತ್ತೆ ಎಬ್ಬಿಸುವ ಈ ಕೆಲಸಕ್ಕೆ ಜವಾರಿ ಎನ್ನುತ್ತಾರೆ. ಪುಣೆಯಲ್ಲಿ ಹಾಡುವವರಿಗೆ ಬರವಿಲ್ಲ, ಜವಾರಿ ಬಲ್ಲವರು ಮಾತ್ರ ಬೆರಳೆಣಿಕೆಯಷ್ಟು. ಆದರೂ ನೆಂಟರಿಷ್ಟರೆಲ್ಲ ಇದನ್ನು ಶಾಲಿನಿಯ ಹುಚ್ಚು ಎಂದೇ ಕರೆಯುತ್ತಿದ್ದರು. ಸಾಲದ್ದಕ್ಕೆ ಅವಳೂ ಹಾಗೇ ನಂಬಿದ್ದಳು.

ಕಳೆದ ವರ್ಷ ಒಂದು ಸಂಗೀತ ವಿದ್ಯಾಲಯ ದೌಂಡ, ಶಿರೂರು ಶಾಖೆಗಳದ್ದೂ ಸೇರಿಸಿ ತನ್ನ ತಂಬೂರಿಗಳನ್ನೆಲ್ಲ ಅವಳಿಗೊಪ್ಪಿಸಿತು. ಒಂದು ಲಕ್ಷ ಅರವತ್ತು ಸಾವಿರದ ಕೆಲಸ. ಹದಿನಾರು ಸಾವಿರ ತೆರಿಗೆಯೆಂದು ಮುರಿದುಕೊಂಡು ಉಳಿದದ್ದನ್ನು ಬ್ಯಾಂಕಿಗೆ ಹಾಕಿತು.

ರಿಟರ್ನ್ ತುಂಬುವ ಕಾಲ ಬಂತು. ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಕೇದಾರ, ಬೆಳಗಾವಿಯವನು, ಕ್ಯಾಂಟೀನಿನಲ್ಲಿ ಕೂತು ಎಲ್ಲರದ್ದನ್ನೂ ತುಂಬಿಕೊಡುತ್ತಿದ್ದ. ಶಾಲಿನಿಯದನ್ನು ತೆರೆದವನೇ ಹುಬ್ಬೇರಿಸಿದ.

"ಬರೇ ಪಗಾರ ಇದ್ರ ಹನ್ನೆರಡು ಲಕ್ಷದ ಒಳಗ ಇದ್ರಿ, ತೆರಿಗಿ ಸೊನ್ನಿ. ಈ ತಂಬೂರಿ ರೊಕ್ಕ ಸೇರಿದ್ರ ಗೆರಿ ದಾಟ್ತದ. ಎಲ್ಲಾ ಕೂಡಿ ಎಪ್ಪತ್ತೈದು ಸಾವಿರ ತೆರಿಗಿ ಆಗ್ತದ್ರಿ."

"ಅಷ್ಟ್ಯಾಕ್ರಿ? ತಂಬೂರಿ ರೊಕ್ಕದಾಗ ಅರ್ಧಕ್ಕಿಂತ ಹೆಚ್ಚು ನನಗ ಖರ್ಚ ಆಗ್ಯದ."

"ಖರ್ಚು ಕಳೀಬಹುದ್ರಿ. ಎಂಬತ್ತು ಸಾವಿರ ದಾಟಿದ್ರ ಮತ್ತ ಗೆರಿ ಒಳಗ ಬರ್ತೀರಿ. ಬಿಲ್ ಎಲ್ಲ್ಯವ?" ಆಮೇಲೆ ದನಿ ತಗ್ಗಿಸಿದ. "ಇಲ್ಲಂದ್ರ ನನ್ನ ಗೆಳ್ಯಾನ ಅಂಗಡಿ ಬಿಲ್ ತಂದುಕೊಡ್ಲೇನು?"

"ಸುಳ್ಳು ಬಿಲ್ ಬ್ಯಾಡ್ರಿ," ಎಂದಳು ಶಾಲಿನಿ.

ಪ್ರಯಾಣ, ತಂತಿ, ಅರಗಳಿಗೆ ಇಪ್ಪತ್ತಾರು ಸಾವಿರದ ಬಿಲ್ಲುಗಳಿದ್ದವು. ಉಳಿದ ಐವತ್ತೆಂಟು ಸಾವಿರ ಹೋದದ್ದು ಪುಣೆಯ ಶುಕ್ರವಾರ ಪೇಟೆ ಬಡಾವಣೆಯ ಕಾಡಪ್ಪ ಮಾಸ್ತರರಿಗೆ. ಅವಳಿಗೆ ಅರ ಹಿಡಿಯಲು ಕಲಿಸಿದವರು ಅವರೇ, ಒಡೆದ ತಂಬೂರಿಗೆ ಹೊಸ ಸೋರೆಬುರುಡೆ, ಕುದುರೆ ಕೊಡುವವರೂ ಅವರೇ. ಗುರುವಿನ ಮನೆಯಲ್ಲಿ ಬಿಲ್ ಕೇಳುವುದುಂಟೆ? ಶಾಲಿನಿ ಪ್ರತಿ ಸಲವೂ ಎಲೆ ಅಡಿಕೆ ಮುಂದಿಟ್ಟು ಕಾಲಿಗೆರಗಿ, ಹಣವನ್ನು ಫೋನಿನಲ್ಲಿ ಕಳಿಸುತ್ತಿದ್ದಳು. ಭಕ್ತಿ ಉಕ್ಕಿ, ಕೆಳಗೆ "ಗುರುಕಾಣಿಕೆ" ಎಂದು ಬೇರೆ ಬರೆಯುತ್ತಿದ್ದಳು! ಕೇದಾರ ಅದನ್ನು ನೋಡಿ ಹಣೆ ಚಚ್ಚಿಕೊಂಡ. "ಕಾಣಿಕಿ ಖರ್ಚಿನಾಗ ಬರೂದಿಲ್ರಿ, ಬಿಲ್ಲ ಬೇಕು."

ಭಾನುವಾರ ಅವಳು ನಾಚುತ್ತಲೇ ಮಾಸ್ತರರ ಹೊಸ್ತಿಲಲ್ಲಿ ನಿಂತಳು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ಬುರುಡಿ, ಕುದುರಿ ಒಯ್ದಿದ್ದಕ್ಕ ನಂಗ ಬಿಲ್ ಬೇಕಾಗಿತ್ರಿ."

ಎಂಬತ್ತರ ಹತ್ತಿರದ ಕಾಡಪ್ಪನವರು ಕೈಯಲ್ಲಿದ್ದ ಅರ ಕೆಳಗಿಟ್ಟರು.

"ಬುರುಡಿ ಬೆಳದ ರೈತಗ ನಾ ರೊಕ್ಕ ಕೊಡ್ತೀನಿ. ಕಟಗಿ ಅಡ್ಡ್ಯಾಗ ಕೊಡ್ತೀನಿ. ನೀ ನೋಡಿದ್ರ ಕಾಣಿಕಿ, ಕಾಣಿಕಿ ಅಂತ ಬರೀತಿ. ಹಂಗಾರ ನಾ ದುಡಿಲಿಲ್ಲೇನವಾ?"

ಶಾಲಿನಿಗೆ ಕಪಾಳಕ್ಕೆ ಬಿದ್ದಂತಾಯಿತು. ಮಾಸ್ತರರು ಕಪಾಟಿನಿಂದ ಬಿಲ್ ಪುಸ್ತಕ ತೆಗೆದು ಧೂಳು ಊದಿದರು. "ಅಚ್ಚು ಹಾಕಿಸಿ ಹತ್ತು ವರ್ಷಾತು. ನಿಮ್ಮಂಥ ಭಕ್ತರು ಒಬ್ಬರೂ ಕೇಳಲಿಲ್ಲ. ಯಾವ ತಾರೀಖ ಹಾಕ್ಲಿ?"

"ಇವತ್ತಿನ ತಾರೀಖ ಹಾಕ್ರಿ ಮಾಸ್ತರ. ಹೋದ ವರ್ಷ ಇಂಥಾ ಇಂಥಾ ದಿನ ರೊಕ್ಕ ಬಂದದ ಅಂತ ಬರೀರಿ. ಇದ್ದದ್ದು ಇದ್ದಂಗ."

ಇಬ್ಬರೂ ಫೋನಿನಲ್ಲಿ ಒಂದೊಂದೇ ಪಾವತಿ ಹುಡುಕಿದರು. ಮಾಸ್ತರರು ಕನ್ನಡಕ ಏರಿಸಿಕೊಂಡು, ಇಷ್ಟು ಬುರುಡೆ, ಇಷ್ಟು ಕುದುರೆ ಎಂದು ಮುದ್ದಾದ ಅಕ್ಷರಗಳಲ್ಲಿ ಬರೆದು ಸಹಿ ಹಾಕಿದರು.

ಈ ಸಲ ಕೇದಾರ ಬೇರೆ ಫಾರ್ಮು ತೆರೆದ. ಸಂಬಳದ ಜೊತೆಗೆ ಸ್ವಂತ ವೃತ್ತಿಯ ಆದಾಯವೂ ಇರುವವರ ಫಾರ್ಮು ಅದು. ಎಂಬತ್ನಾಲ್ಕು ಸಾವಿರ ಖರ್ಚು ಕಳೆದ ಮೇಲೆ ಶಾಲಿನಿ ಹನ್ನೆರಡು ಲಕ್ಷದ ಗೆರೆಯ ಒಳಗೆ ನಾಲ್ಕು ಸಾವಿರದ ಅಂತರದಲ್ಲಿ ನಿಂತಳು. ತೆರಿಗೆ ಸೊನ್ನೆ! ಮುರಿದುಕೊಂಡಿದ್ದ ಹದಿನಾರು ಸಾವಿರವೂ ಒಂದೂವರೆ ತಿಂಗಳಲ್ಲಿ ಅವಳ ಖಾತೆಗೆ ವಾಪಸು ಬಂತು. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಕ್ಯಾಂಟೀನಿನಲ್ಲಿ ಇದ್ದಬದ್ದವರಿಗೆಲ್ಲ ಚಹಾ ಕುಡಿಸಿದಳು.

ಅದೇ ವಾರ ವಿದ್ಯಾಲಯದ ಕಾರ್ಯದರ್ಶಿ ಮಾರ್ತಾಂಡರಾಯರು ಫೋನು ಮಾಡಿದರು. ದೀಪಾವಳಿಯ ಸಂಗೀತ ಕಛೇರಿಗೆ ಹತ್ತು ತಂಬೂರಿ ಸಿದ್ಧವಾಗಬೇಕಿತ್ತು.

"ಏನ್ ಕೊಡೂಣ್ರಿ ಬಾಯಾರ?"

ಇಷ್ಟು ವರ್ಷ ಈ ಪ್ರಶ್ನೆಗೆ ಅವಳದು ಒಂದೇ ಉತ್ತರ, ನಿಮ್ಮ ಮನಸ್ಸಿಗೆ ಬಂದಷ್ಟು ಕೊಡ್ರಿ ಎಂದು. ಈಗ ಒಂದೊಂದು ತಂಬೂರಿಗೆ ಏನು ಬೀಳುತ್ತದೆ ಎಂಬುದು ಪೈಸೆ ಪೈಸೆ ಗೊತ್ತಿತ್ತು.

"ತಂಬೂರಿಗೆ ಐದು ಸಾವಿರ ರೀ. ಬುರುಡಿ ಬದಲಿಸಿದ್ರ ಅದರ ರೊಕ್ಕ ಬ್ಯಾರೆ, ಪ್ರಯಾಣದ್ದು ಬ್ಯಾರೆ."

"ಐದು ಸಾವಿರ?" ಎಂದು ಮಾರ್ತಾಂಡರಾಯರು ರಾಗ ಎಳೆದರು. ಶಾಲಿನಿ ಹೇಳಿದ ದರ ಇಳಿಸಲಿಲ್ಲ.

"ಆಗಲ್ರಿ," ಎಂದರು ಮಾರ್ತಾಂಡರಾಯರು. "ನೀವಲ್ಲದ ಇನ್ಯಾರು ಮಾಡಿಕೊಡ್ತಾರ?"